ಪಾದ್ರಿಗಳಿಗ್ಯಾಕೆ ಕೃಷ್ಣನ ಉಸಾಬರಿ?

ಪ್ರತಿ ವರ್ಷ ಜುಲೈ 1 ಬಂತೆಂದರೆ ನನಗೆ ನನ್ನಜ್ಜಿ ನೆನಪಾಗುತ್ತಾರೆ. ಆ ದಿನ ಕನ್ನಡ ಪತ್ರಿಕಾ ದಿನ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ಹೊರಬಂತು ಅನ್ನುವುದಕ್ಕಾಗಿ ಈ ಆಚರಣೆ. ಪತ್ರಿಕೆಗೂ ಅಜ್ಜಿಗೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ.

ಅಜ್ಜಿಗೆ ಪತ್ರಿಕೆ ಓದುವ ಅಭ್ಯಾಸವೇನೂ ಇರಲಿಲ್ಲ. ಮುಸ್ಸಂಜೆ ದೀಪ ಹಚ್ಚಿ ಚಾವಡಿಯಲ್ಲಿ ಕಾಲು ಚಾಚಿ ಕೂತು ದಾಸರ ಪದ ಹೇಳುವುದು ಮಾತ್ರ ಒಂದು ದಿನವೂ ತಪ್ಪುತ್ತಿರಲಿಲ್ಲ. ಅವರ ಹತ್ತಿರ ನೂಲಿನಲ್ಲಿ ಹೊಲಿದ ಒಂದು ಹಳೇ ಪುಸ್ತಕ ಇತ್ತು. ಅಚ್ಚಾದದ್ದಲ್ಲ, ಮದುವೆಗೆ ಮೊದಲು ತಾನೇ ಕೈಯಾರೆ ಬರೆದುಕೊಂಡದ್ದು. ಒಂದು ಸಂಜೆ, ಕಾಲೇಜಿನಲ್ಲಿ ಓದಿದ್ದರ ಜಂಬದಲ್ಲಿ ನಾನು ಹೇಳಿದೆ: "ಅಜ್ಜಿ, ನೀವು ಹೇಳುವ ಈ ದಾಸರ ಪದಗಳನ್ನು ಮೊದಲು ಒಟ್ಟು ಮಾಡಿ ಅಚ್ಚು ಹಾಕಿಸಿದ್ದು ಯಾರು ಗೊತ್ತುಂಟಾ? ನಮ್ಮ ಮಂಗಳೂರಲ್ಲಿದ್ದ ಒಬ್ಬ ಜರ್ಮನ್ ಪಾದ್ರಿ!"

ಅಜ್ಜಿ ಪದ ನಿಲ್ಲಿಸಿದರು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿ ಕೇಳಿದರು: "ಪಾದ್ರಿಗಳಾ? ಅವರಿಗ್ಯಾಕೆ ಮಾರಾಯ ನಮ್ಮ ಕೃಷ್ಣನ ಉಸಾಬರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಠ್ಯಪುಸ್ತಕದಲ್ಲಿ ಹೆಸರಿತ್ತು, ಇಸವಿ ಇತ್ತು, 'ಕನ್ನಡಕ್ಕೆ ಮಿಶನರಿಗಳ ಕೊಡುಗೆ' ಎಂಬ ಐದು ಅಂಕದ ಪ್ರಶ್ನೆಯೂ ಇತ್ತು. ಯಾಕೆ ಅನ್ನುವುದು ಮಾತ್ರ ಇರಲಿಲ್ಲ. ಅಜ್ಜಿ ಹೋಗಿ ವರ್ಷಗಳಾದವು. ಆ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ಇವತ್ತು ಅದಕ್ಕೆ ನನಗೆ ತೋಚಿದ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ತಾಳ್ಮೆ ಇರಲಿ.

* * *

ಆ ಪಾದ್ರಿಯ ಹೆಸರು ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್. ಹುಟ್ಟಿದ್ದು 1811ರಲ್ಲಿ, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಲ್ಲಿ. ಓದಿದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ, ದೇವತಾಶಾಸ್ತ್ರ. ಇದನ್ನು ಹೇಳುವುದಕ್ಕೆ ಕಾರಣ ಉಂಟು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಶುರುವಾದ ಬಾಸೆಲ್ ಮಿಶನ್ನಿಗೆ ಸೇರುತ್ತಿದ್ದವರು ಹೆಚ್ಚಾಗಿ ರೈತರ ಮಕ್ಕಳು, ಕಸುಬಿನವರ ಮಕ್ಕಳು. ಅವರಿಗೆ ಮಿಶನ್ನೇ ತನ್ನ ಶಾಲೆಯಲ್ಲಿ ಓದಿಸಿ ಹೊರದೇಶಕ್ಕೆ ಕಳಿಸುತ್ತಿತ್ತು. ಮೊಗ್ಲಿಂಗ್ ಹಾಗಲ್ಲ. ಊರಲ್ಲೇ ಇದ್ದಿದ್ದರೆ ಒಂದು ಚರ್ಚು, ಒಂದು ಮನೆ, ಸಂಬಳ, ಮರ್ಯಾದೆ ಎಲ್ಲ ಸಿಗಬಹುದಾಗಿದ್ದ ಮನುಷ್ಯ. ಅದನ್ನು ಬಿಟ್ಟು ಹೊರಟರು.

1833ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ಕೆಲಸ ಮಾಡಲು ದಾರಿಯಾಯಿತು. ಮರುವರ್ಷವೇ, 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1836ರ ಕೊನೆಗೆ ಮೊಗ್ಲಿಂಗ್ ಬಂದರು. ವಯಸ್ಸು 25. ಆಗ ಸುಯೆಜ್ ಕಾಲುವೆ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಆಫ್ರಿಕಾದ ತುದಿ ಸುತ್ತಿಕೊಂಡು ಬರುವ ಹಡಗಿಗೆ ತಿಂಗಳುಗಟ್ಟಲೆ ಬೇಕು. ಊರಿಗೊಂದು ಕಾಗದ ಬರೆದು ಉತ್ತರ ಬರುವಷ್ಟರಲ್ಲಿ ಕಾಗದದಲ್ಲಿ ಏನು ಬರೆದಿದ್ದೆವು ಅನ್ನುವುದೇ ಮರೆತು ಹೋಗುವ ಕಾಲ ಅದು.

ಬಂದದ್ದು ಯಾಕೆ? ಇದರಲ್ಲಿ ಮುಚ್ಚುಮರೆ ಬೇಡ. ಕ್ರಿಸ್ತನ ಸುವಾರ್ತೆ ಸಾರುವುದಕ್ಕೆ, ಜನರನ್ನು ತಮ್ಮ ಮತಕ್ಕೆ ಸೇರಿಸುವುದಕ್ಕೆ. ಕನ್ನಡದ ಸೇವೆ ಮಾಡೋಣ ಅಂತ ಯಾರೂ ಹಡಗು ಹತ್ತಿರಲಿಲ್ಲ. ನಾವು ಸಭೆಗಳಲ್ಲಿ ಹಾರ ಹಾಕುವಾಗ ಇದನ್ನು ಮರೆಯುತ್ತೇವೆ. ಬೈಯುವವರು ಇದೊಂದನ್ನೇ ನೆನಪಿಟ್ಟುಕೊಂಡು ಉಳಿದದ್ದನ್ನು ಮರೆಯುತ್ತಾರೆ. ಎರಡೂ ಅರ್ಧ ಸತ್ಯ.

* * *

ಬಂದ ಕೆಲಸ ಹೇಗೆ ನಡೆಯಿತು? ಅಷ್ಟೇನೂ ಸುಸೂತ್ರವಾಗಿ ನಡೆಯಲಿಲ್ಲ.

ಮೊಗ್ಲಿಂಗ್‌ಗೆ ಒಂದು ಹಟ ಇತ್ತು. ಬಂಗಲೆಯಲ್ಲಿ ಕೂತು ಉಪದೇಶ ಮಾಡಿದರೆ ಆಗದು, ಇಲ್ಲಿಯವರ ಜೊತೆ ಇಲ್ಲಿಯವರಂತೆ ಬದುಕಬೇಕು ಅಂತ. ಶಾಲೆಯ ಹುಡುಗರ ಜೊತೆಗೇ ಇದ್ದರು. ಜೊತೆಯ ಪಾದ್ರಿಗಳಿಗೂ ಬಾಸೆಲ್‌ನಲ್ಲಿ ಕೂತ ಕಮಿಟಿಗೂ ಇದು ಅಷ್ಟಾಗಿ ರುಚಿಸಲಿಲ್ಲ. ಕಮಿಟಿಗೆ ಎಲ್ಲದಕ್ಕೂ ನಿಯಮ ಇತ್ತು. ಮದುವೆಯಾಗಬೇಕಾದರೂ ಅವರ ಒಪ್ಪಿಗೆ ಬೇಕು, ಅದೂ ಮೊದಲ ಎರಡು ವರ್ಷ ಕೇಳುವ ಹಾಗಿಲ್ಲ. ಅಲ್ಲಿ ಬರೆಯುವುದು ಜರ್ಮನ್‌ನಲ್ಲಿ, ಇಲ್ಲಿ ದೊರೆಗಳ ಹತ್ತಿರ ಇಂಗ್ಲಿಷಿನಲ್ಲಿ, ಬೀದಿಯಲ್ಲಿ ಕನ್ನಡ, ತುಳು, ಕೊಂಕಣಿ!

1844ರ ಜನವರಿಯಲ್ಲಿ ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇನ್ನಿಬ್ಬರ ಜೊತೆ ಕ್ರೈಸ್ತನಾದ. ಇಡೀ ಮಂಗಳೂರು ಕೆರಳಿತು. ಆ ಮನೆಗಳಲ್ಲಿ ಅವತ್ತು ಒಲೆ ಹೊತ್ತಿಸಿರಲಿಕ್ಕಿಲ್ಲ. ಆನಂದರಾವ್‌ಗೆ ಚಿಕ್ಕಂದಿನಲ್ಲೇ ಮದುವೆಯಾಗಿತ್ತು, ಹೆಂಡತಿ ಅವನೊಡನೆ ಬರಲಿಲ್ಲ. ಆ ಹುಡುಗಿಯ ಪಾಲಿಗೆ ಈ ಕತೆಯಲ್ಲಿ ಸಂತೋಷ ಅನ್ನುವುದು ಎಲ್ಲಿತ್ತು? ಅವಳ ಮಾತನ್ನು ಯಾರೂ ಅಚ್ಚು ಹಾಕಿಸಿಲ್ಲ. ಮೊಗ್ಲಿಂಗ್ ಅಂತೂ ಆನಂದರಾವ್‌ನನ್ನು ಮಗನಂತೆ ನೋಡಿಕೊಂಡರು. 1846ರಲ್ಲಿ ತಾವು ಊರಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋದರು. ಆತ ಬಾಸೆಲ್‌ನಲ್ಲಿ ಓದಿ 1851ರಲ್ಲಿ ದೀಕ್ಷೆ ಪಡೆದ ಪಾದ್ರಿಯಾಗಿ ಹಿಂತಿರುಗಿದ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅನ್ನುತ್ತಿದ್ದ ಕಾಲದಲ್ಲಿ ಕೌಂಡಿನ್ಯ ಗೋತ್ರದವನೊಬ್ಬ ಸ್ವಿಟ್ಜರ್ಲೆಂಡಿನಲ್ಲಿ ಐದು ಚಳಿಗಾಲ ಕಳೆದು ಬಂದದ್ದು, ಯೋಚಿಸಿದರೆ, ಆಶ್ಚರ್ಯವೇ.

* * *

ಈಗ ಜುಲೈ 1ಕ್ಕೆ ಬರೋಣ.

ಮಂಗಳೂರಲ್ಲಿ ಮಿಶನ್ನಿನ ಹತ್ತಿರ ಒಂದು ಕಲ್ಲಚ್ಚಿನ ಯಂತ್ರ ಇತ್ತು. ಕಲ್ಲಚ್ಚು ಅಂದರೆ ಲಿಥೋಗ್ರಫಿ. ಎಣ್ಣೆ ಜಿಡ್ಡಿರುವ ಮಸಿಯಲ್ಲಿ ಬರೆದದ್ದನ್ನು ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಇಳಿಸುತ್ತಾರೆ. ಆಮೇಲೆ ಕಲ್ಲಿಗೆ ನೀರು ಸವರುತ್ತಾರೆ. ಜಿಡ್ಡಿದ್ದಲ್ಲಿ ನೀರು ನಿಲ್ಲುವುದಿಲ್ಲ, ನೀರಿದ್ದಲ್ಲಿ ಮಸಿ ನಿಲ್ಲುವುದಿಲ್ಲ. ಮಸಿಯ ಉರುಳೆ ಹಾಯಿಸಿದರೆ ಬರೆದ ಜಾಗಕ್ಕೆ ಮಾತ್ರ ಹಿಡಿಯುತ್ತದೆ. ಕಾಗದ ಇಟ್ಟು ಒತ್ತಿದರೆ ಆಯಿತು. ಎಣ್ಣೆ ನೀರಿನ ಜಗಳ, ಅಷ್ಟೇ!

ಕನ್ನಡಕ್ಕೆ ಇದು ಹೇಳಿ ಮಾಡಿಸಿದ ವಿದ್ಯೆ. ಸೀಸದ ಮೊಳೆಯಾದರೆ ಕಾಗುಣಿತಕ್ಕೆಲ್ಲ, ಒತ್ತಕ್ಷರಕ್ಕೆಲ್ಲ ಬೇರೆ ಬೇರೆ ಮೊಳೆ ಎರಕ ಹೊಯ್ಯಬೇಕು, ನೂರಾರು ಬೇಕು. ಕಲ್ಲಚ್ಚಿನಲ್ಲಿ ಹಾಗಿಲ್ಲ, ಕೈಯಲ್ಲಿ ಬರೆದದ್ದು ಹಾಗೆಯೇ ಮೂಡುತ್ತದೆ. ಯೂನಿಕೋಡ್ ಬಂದ ಹೊಸತರಲ್ಲಿ ನಮ್ಮ ಕಂಪ್ಯೂಟರುಗಳಲ್ಲಿ ಒತ್ತಕ್ಷರ ಎಲ್ಲ ಒಡೆದು ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿದ್ದದ್ದು ನೆನಪಿದೆಯಾ? ಆ ತಲೆನೋವಿಗೆ ಅವರು ಕಲ್ಲಿನಲ್ಲಿ ಪರಿಹಾರ ಕಂಡುಕೊಂಡಿದ್ದರು.

ಆ ಕಲ್ಲಿನಿಂದ ಬಂತು 'ಮಂಗಳೂರ ಸಮಾಚಾರ'. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಅದರಲ್ಲಿ ಇದ್ದದ್ದೆಲ್ಲ ಬೈಬಲ್ ಅಂತ ತಿಳಿಯಬೇಡಿ. ಊರ ಸುದ್ದಿ, ಸರ್ಕಾರದ ಕಾಯಿದೆ, ದೂರ ದೇಶದ ಸಮಾಚಾರ, ನೀತಿ, ಕತೆ, ಪದ, ಎಲ್ಲ ಇತ್ತು. ಊರಲ್ಲಿ ಹಬ್ಬುವ ಗಾಳಿಮಾತಿಗೆ ಬದಲು ನಿಜ ಸುದ್ದಿ ಜನಕ್ಕೆ ಸಿಗಲಿ ಅನ್ನುವುದು ಉದ್ದೇಶ. ಪತ್ರಿಕೆ ಬಹಳ ಕಾಲ ಬಾಳಲಿಲ್ಲ. 1844ರಲ್ಲಿ ಮೊಳೆ ಅಚ್ಚಿನ ಅನುಕೂಲ ಇದ್ದ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡಿತು, ಸ್ವಲ್ಪ ಸಮಯದಲ್ಲೇ ನಿಂತೂ ಹೋಯಿತು. ಇವತ್ತು ನಾವು ಸಮಾರಂಭ ಮಾಡಿ ನೆನೆಯುವ ಪತ್ರಿಕೆ ಒಂದು ವರ್ಷ ಮಂಗಳೂರಲ್ಲಿ ನೆಟ್ಟಗೆ ನಿಲ್ಲಲಿಲ್ಲ! ಆ ಹೊತ್ತಿನಲ್ಲಿ ಮೊಗ್ಲಿಂಗ್‌ಗೆ ಅದು ಸೋತ ಕೆಲಸ ಅಂತಲೇ ಅನ್ನಿಸಿರಬಹುದು.

* * *

ಅಜ್ಜಿಯ ಪ್ರಶ್ನೆ ಇರುವುದು ಮುಂದಿನ ಭಾಗದಲ್ಲಿ.

ಮೊಗ್ಲಿಂಗ್ ಕನ್ನಡ ಕಲಿತದ್ದು ಉಪದೇಶ ಮಾಡುವುದಕ್ಕೆ. ಉಪದೇಶ ಮಾಡಬೇಕಾದರೆ ಜನ ಹೇಗೆ ಮಾತಾಡುತ್ತಾರೆ ಅಂತ ತಿಳಿಯಬೇಕು, ಅದಕ್ಕೆ ಗಾದೆಗಳನ್ನು ಕೂಡಿಹಾಕಲು ಹೊರಟರು. ಗಾದೆ ಸಾವಿರಗಟ್ಟಲೆ ಸಿಕ್ಕವು, ಪುಸ್ತಕವಾಯಿತು. ಜನ ಏನು ನಂಬುತ್ತಾರೆ ಅಂತ ತಿಳಿಯಬೇಕು, ಅದಕ್ಕೆ ಅವರ ಕಾವ್ಯ ಪುರಾಣ ಓದಬೇಕು. ಓದೋಣ ಅಂದರೆ ಪುಸ್ತಕ ಎಲ್ಲಿ? ಇದ್ದದ್ದೆಲ್ಲ ತಾಳೆಗರಿ, ಕೋರಿಕಾಗದ. ಒಂದೊಂದು ಪ್ರತಿಯಲ್ಲಿ ಒಂದೊಂದು ಪಾಠ.

ಆಗ ನೀಲಗಿರಿಯ ಕೇತಿಯಲ್ಲಿ ಕ್ಯಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿಯೊಬ್ಬರಿದ್ದರು. ಕನ್ನಡಕ್ಕೆ ಹತ್ತಿರದ ಬಡಗ ಭಾಷೆಯ ಸೀಮೆ ಅದು. ಮನುಷ್ಯನಿಗೆ ಕನ್ನಡದ ಹುಚ್ಚು ಇತ್ತು, ಕೈಯಲ್ಲಿ ಹಣವೂ ಇತ್ತು. ಅವರ ಹಣ, ಮೊಗ್ಲಿಂಗ್ ಮತ್ತು ಗೆಳೆಯ ವೈಗ್ಲೆಯ ದುಡಿಮೆ. 1848ರಿಂದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಮಾಲೆ ಮಂಗಳೂರ ಕಲ್ಲಚ್ಚಿನಿಂದ ಹೊರಬರತೊಡಗಿತು. ಏನೇನು ಬಂತು ನೋಡಿ: ಜೈಮಿನಿ ಭಾರತ, ಬಸವ ಪುರಾಣ, ಚನ್ನಬಸವ ಪುರಾಣ, ಯಕ್ಷಗಾನದ ರಾವಣ ದಿಗ್ವಿಜಯ, ಮತ್ತು 1850ರಲ್ಲಿ ದಾಸರ ಪದಗಳು, ನೂರೈವತ್ತಕ್ಕೂ ಹೆಚ್ಚು. ದಾಸಸಾಹಿತ್ಯದಲ್ಲಿ ಅಚ್ಚು ಕಂಡ ಮೊದಲ ಸಂಗ್ರಹ ಎಂದು ಇದನ್ನೇ ಹೇಳುತ್ತಾರೆ.

ಸ್ವಲ್ಪ ನಿಂತು ಯೋಚಿಸಿ. ವೀರಶೈವರ ಪುರಾಣ, ವೈಷ್ಣವರ ಪದ, ಯಕ್ಷಗಾನದ ರಾವಣ, ಎಲ್ಲ ಪಾದ್ರಿಯ ಪ್ರೆಸ್ಸಿನಲ್ಲಿ! ಯಾವುದನ್ನು ಬಿಡಿಸಬೇಕೆಂದು ಹಡಗು ಹತ್ತಿ ಬಂದಿದ್ದರೋ ಅದನ್ನೇ ನೂರಾರು ಜನ ಓದುವಂತೆ ಅಚ್ಚು ಹಾಕಿಕೊಟ್ಟರು. ಇಂಥ ಪುಸ್ತಕಗಳಿಗೆ ಮಿಶನ್ನಿನ ಪ್ರೆಸ್ಸು ಯಾಕೆ ಅಂತ ಅವರವರಲ್ಲೇ ಗೊಣಗಾಟ ಇತ್ತು. ಎದುರಿನವರ ಮತ ತಿಳಿಯದೆ ಅವರ ಜೊತೆ ವಾದ ಮಾಡುವುದು ಹೇಗೆ, ಹೊಸ ಪಾದ್ರಿಗಳು ಕನ್ನಡ ಕಲಿಯುವುದು ಹೇಗೆ, ಅನ್ನುವುದು ಇದಕ್ಕೆ ಸಮರ್ಥನೆ.

ಸಮರ್ಥನೆ ಸರಿಯೇ. ಆದರೆ ನನಗೆ ಅಷ್ಟಕ್ಕೇ ಸಮಾಧಾನವಿಲ್ಲ. ವಾದಕ್ಕೆ ಬೇಕಾದಷ್ಟು ತಿಳಿಯುವುದಕ್ಕೆ ನಾಲ್ಕು ಪುಟದ ಸಾರಾಂಶ ಸಾಕು. ಲಕ್ಷ್ಮೀಶನ ಷಟ್ಪದಿ ಪೂರ್ತಿ ಬೇಕಿಲ್ಲ. ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತಲ್ಲ? ಆ ಬೆವರಿನಲ್ಲಿ ಕೂತು, ಹಸ್ತಪ್ರತಿ ಒಂದಕ್ಕೊಂದು ತಾಳೆ ನೋಡಿ, ಬರೆಸಿ, ತಿದ್ದಿ, ಕಲ್ಲಿಗೆ ಇಳಿಸಿ, ಸಂಪುಟದ ಮೇಲೆ ಸಂಪುಟ ತೆಗೆಯುವುದು ಬರೀ ಕರ್ತವ್ಯದ ಮೇಲೆ ಆಗುವ ಕೆಲಸವಲ್ಲ. ಒಳಗೆಲ್ಲೋ ಖುಷಿ ಇರಬೇಕು. ಕೆಲಸ ಮಾಡಿದವರಿಗೆ ಗೊತ್ತು ಇದು.

ಇದು ನನ್ನ ಊಹೆ ಅಂತ ನೀವು ಹೇಳಬಹುದು. ಒಂದು ಸಾಕ್ಷಿ ಕೊಡುತ್ತೇನೆ. 1860ರಲ್ಲಿ ಹೆಂಡತಿಯ ಅನಾರೋಗ್ಯದಿಂದ ಮೊಗ್ಲಿಂಗ್ ಜರ್ಮನಿಗೆ ಹಿಂತಿರುಗಿದರು, ಮತ್ತೆ ಭಾರತ ನೋಡಲಿಲ್ಲ. ಆಮೇಲೆ ಉಪದೇಶ ಮಾಡುವುದಕ್ಕೆ ಎದುರಿಗೆ ಕನ್ನಡದವರಿಲ್ಲ, ವಾದಕ್ಕೆ ಯಾರೂ ಇಲ್ಲ. ಆಗ ಏನು ಮಾಡಿದರು? ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿನ ಪೌರ್ವಾತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. ಜೈಮಿನಿ ಭಾರತದ ಭಾಗವನ್ನೂ ಅನುವಾದ ಮಾಡಿದರು. ಅಲ್ಲಿ ಅದು ಯಾರಿಗೂ ಬೇಕಿರಲಿಲ್ಲ, ಇವರಿಗೆ ಬೇಕಿತ್ತು. ಬೇಡದಿದ್ದರೂ ಮಾಡುವ ಕೆಲಸವನ್ನೇ ಅಲ್ಲವೇ ನಾವು ಪ್ರೀತಿ ಅನ್ನುವುದು?

* * *

ನಡುವಿನ ಕೊಡಗಿನ ಕತೆ ಬಿಡುವ ಹಾಗಿಲ್ಲ. 1852ರ ಹೊತ್ತಿಗೆ ಮೊಗ್ಲಿಂಗ್‌ಗೆ ಸಾಕಾಗಿತ್ತು, ದಣಿದಿದ್ದರು. ಊರಿಗೆ ಹೊರಡುವ ಯೋಚನೆಯಲ್ಲಿದ್ದಾಗ ಜಾತಿಯಿಂದ ಹೊರಗಾಗಿದ್ದ ಅಲ್ಮಂಡ ಸೋಮಯ್ಯ ಎಂಬ ಕೊಡವ ಮಂಗಳೂರಿಗೆ ಬಂದ, ಕ್ರೈಸ್ತನಾದ. ಅವನನ್ನು ಒಬ್ಬನೇ ಹಿಂದೆ ಕಳಿಸುವುದು ಹೇಗೆ ಅಂತ ಮೊಗ್ಲಿಂಗ್ 1853ರಲ್ಲಿ ಅವನ ಜೊತೆ ಘಟ್ಟ ಹತ್ತಿದರು. ಕಮಿಟಿಯ ಲೆಕ್ಕದಲ್ಲಿ ಕೊಡಗು ಇರಲೇ ಇಲ್ಲ! ಅಲ್ಲೇ ಏಳು ವರ್ಷ. ಕೊಡವರು ಸಾಮೂಹಿಕವಾಗಿ ಕ್ರೈಸ್ತರಾದಾರು ಅನ್ನುವ ಆಸೆ ಇತ್ತು, ಅದು ಕೈಗೂಡಲಿಲ್ಲ. ಮತಾಂತರಕ್ಕೆ ಬಂದವರು ಹೆಚ್ಚಾಗಿ ಜೀತದಂಥ ಬಾಳಲ್ಲಿದ್ದ ಹೊಲೆಯ ಸಮುದಾಯದವರು. ಅವರಿಗಾಗಿ ಒಂದು ಊರು ಎದ್ದಿತು, ಆನಂದಪುರ. ಹೆಸರು ಆನಂದರಾವ್ ಕೌಂಡಿನ್ಯನದ್ದು. ನಾನು ಮೊದಲು ಓದಿದಾಗ ಸಂತೋಷದ ಆನಂದ ಅಂದುಕೊಂಡಿದ್ದೆ. ಇರಲಿ, ಎರಡೂ ಅರ್ಥ ಹೊಂದುತ್ತದೆ.

ಕೊಡಗಿನಲ್ಲೂ ಅದೇ ಚಾಳಿ. ಅಲ್ಲಿನ ಜನ, ಆಚಾರ, ರಾಜರ ಚರಿತ್ರೆ ಎಲ್ಲ ಕೇಳಿ ಬರೆದು 1855ರಲ್ಲಿ 'ಕೂರ್ಗ್ ಮೆಮಾಯರ್ಸ್' ಪ್ರಕಟಿಸಿದರು. ಕೊಡಗಿನ ಬಗ್ಗೆ ಕೆಲಸ ಮಾಡುವವರು ಇವತ್ತಿಗೂ ಅದನ್ನು ಮುಟ್ಟದೆ ಮುಂದೆ ಹೋಗಲಾರರು. 1855ರಲ್ಲೇ ಗೆಳೆಯ ವೈಗ್ಲೆ ತೀರಿಕೊಂಡರು. ಮುಂದೆ ಅವರ ವಿಧವೆ ಪಾಲೀನ್‌ರನ್ನು ಮೊಗ್ಲಿಂಗ್ ಮದುವೆಯಾದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಯಾವುದಕ್ಕೆ? ಎಷ್ಟು ಜನಕ್ಕೆ ದೀಕ್ಷಾಸ್ನಾನ ಕೊಟ್ಟಿರಿ ಅಂತಲ್ಲ, ಕನ್ನಡದ ಕೆಲಸಕ್ಕೆ.

* * *

ಇಷ್ಟೆಲ್ಲ ಬರೆದು ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಈ ಸಂತೋಷದ ಸಾಲವನ್ನು ಬೇರೆಯವರೂ ತೀರಿಸಿದ್ದಾರೆ. ಆನಂದರಾವ್‌ನ ಮನೆಯವರ ಕತೆ ಹೇಳಿದೆ. ಪಾದ್ರಿಗಳ ಮಕ್ಕಳದ್ದೂ ಒಂದು ಕತೆ ಇದೆ. ಆರೇಳು ವರ್ಷವಾದ ಕೂಡಲೇ ಮಕ್ಕಳನ್ನು ಯುರೋಪಿಗೆ ಕಳಿಸಿಬಿಡುವುದು ವಾಡಿಕೆ. ತಂದೆತಾಯಿ ಇಲ್ಲಿ, ಮಕ್ಕಳು ಅಲ್ಲಿ, ನಡುವೆ ಸಮುದ್ರ. ಮೊಗ್ಲಿಂಗ್‌ರ ಗೆಳೆಯ, ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಅವರ ಮಗಳು ಮಾರಿ 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದವಳು. ನಾಲ್ಕು ವರ್ಷ ತುಂಬುವ ಹೊತ್ತಿಗೆ ಅವಳನ್ನು ಅಲ್ಲಿ ಬಿಟ್ಟು ತಂದೆತಾಯಿ ಹಿಂತಿರುಗಿದರು. ಆಕೆಯ ಮಗನೇ ಮುಂದೆ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ಅಜ್ಜನ ಭಾರತ ಮೊಮ್ಮಗನ ಪುಸ್ತಕದಲ್ಲಿ ಬಂತು ಅಂತ ನಾವು ಸಂತೋಷಪಡುತ್ತೇವೆ, ಸರಿ. ನಡುವೆ ನಾಲ್ಕು ವರ್ಷದ ಹುಡುಗಿ ಒಬ್ಬಳಿದ್ದಳು ಅನ್ನುವುದು ನೆನಪಿರಲಿ.

ಮೊಗ್ಲಿಂಗ್ ಒಬ್ಬರದ್ದೇ ಹೀಗೆ ಅಂದುಕೊಳ್ಳಬೇಡಿ. ಅವರ ಹಿಂದೆಯೇ 1853ರಲ್ಲಿ ಫರ್ಡಿನಂಡ್ ಕಿಟೆಲ್ ಬಂದರು. ಅವರ ಕತೆ ಎಲ್ಲರಿಗೂ ಗೊತ್ತು, ಚುಟುಕಾಗಿ ಹೇಳುತ್ತೇನೆ. ಮೊದಲ ಹೆಂಡತಿ ಪಾಲೀನ್ 1864ರಲ್ಲಿ ತೀರಿಹೋದರು. ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಹೋದವರು, ನಿಘಂಟಿನ ಸಲುವಾಗಿಯೇ 1883ರಲ್ಲಿ 51ನೇ ವಯಸ್ಸಿನಲ್ಲಿ ಮತ್ತೆ ಹಡಗು ಹತ್ತಿ ಬಂದರು. ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಲ್ಲಿ ಅಚ್ಚಾಯಿತು. ಪಾದ್ರಿಯಾಗಿ ಅವರ ಹತ್ತಿರ ತೋರಿಸಲು ದೊಡ್ಡ ಲೆಕ್ಕವೇನೂ ಇರಲಿಲ್ಲ. ಶಬ್ದಗಳ ಲೆಕ್ಕ ಇತ್ತು.

* * *

ಮೊಗ್ಲಿಂಗ್ 1881ರಲ್ಲಿ ಎಸ್ಲಿಂಗನ್ ಎಂಬ ಊರಲ್ಲಿ ತೀರಿಕೊಂಡರು. ಬಂದ ಉದ್ದೇಶದ ತಕ್ಕಡಿಯಲ್ಲಿ ತೂಗಿದರೆ, ಪತ್ರಿಕೆ ನಿಂತಿತು, ಕೊಡಗು ಒಲಿಯಲಿಲ್ಲ, ಕಮಿಟಿಯ ಜೊತೆ ಜಗಳ ಮುಗಿಯಲಿಲ್ಲ, ಕೊನೆಗೆ ಮರಳಿ ಬರಲೂ ಆಗಲಿಲ್ಲ. ಅವರ ನಂಬಿಕೆ ಅವರದ್ದು, ಕೊನೆಯವರೆಗೂ ಅದನ್ನು ಬಿಡಲಿಲ್ಲ. ಆ ನಂಬಿಕೆ ಇಲ್ಲದಿದ್ದರೆ ಇಲ್ಲಿಗೆ ಬರುತ್ತಲೂ ಇರಲಿಲ್ಲ. ಆದರೆ ಬಂದ ಮೇಲೆ, ದಾರಿಯಲ್ಲಿ, ತಾನು ಹುಡುಕದೇ ಇದ್ದ ಒಂದು ವಸ್ತು ಸಿಕ್ಕಿತು. ಸಿಕ್ಕಿದ್ದನ್ನು ಎಸೆಯದೆ ಎತ್ತಿಟ್ಟುಕೊಂಡರು. ಪರದೇಶದಲ್ಲಿ ಕೆಲಸಕ್ಕೆ ಅಂತ ಹೋದವರಿಗೆಲ್ಲ ಹೀಗೆ ಸಿಗುವುದಿಲ್ಲ. ಹಲವರು ತಮ್ಮ ಕೋಣೆ, ತಮ್ಮ ಅಡಿಗೆ, ತಮ್ಮ ಭಾಷೆಯವರ ಸಂಘ ಅಂತ ಇದ್ದುಬಿಟ್ಟು ಹಿಂದೆ ಬರುತ್ತಾರೆ. ಎರಡು ವರ್ಷ ಬೇರೆ ದೇಶದಲ್ಲಿದ್ದು ಅಲ್ಲಿನ ಭಾಷೆಯಲ್ಲಿ ಹತ್ತು ವಾಕ್ಯ ಕಲಿಯದೆ ಬಂದ ನಾನೇ ಸಾಕ್ಷಿ. ಸಂತೋಷ ಇದ್ದದ್ದು ಪಕ್ಕದ ಮನೆಯವರ ಮಾತಿನಲ್ಲಿ, ನಾನು ಕಿವಿ ಕೊಡಲಿಲ್ಲ.

ಇಷ್ಟು ಅಜ್ಜಿಗೆ ಹೇಳುವುದಕ್ಕೆ ಆಗಲಿಲ್ಲ. ಆದರೆ ಆ ಸಂಜೆ ಅವರೇ ಅರ್ಧ ಉತ್ತರ ಹೇಳಿದ್ದರು. ನಾನು ಉತ್ತರ ಗೊತ್ತಿಲ್ಲದೆ ಸುಮ್ಮನಿದ್ದಾಗ, ತನ್ನ ಹೊಲಿದ ಪುಸ್ತಕದ ಪುಟ ತಿರುಗಿಸುತ್ತಾ ಅಂದರು: "ಇದನ್ನೆಲ್ಲ ಬರೆದುಕೊಳ್ಳುವಾಗ ನನಗೆ ಊಟದ ಪರಿವೆ ಇರಲಿಲ್ಲ ಮಗಾ. ಆ ಪಾದ್ರಿಗೂ ಹಾಗೇ ಆಗಿರಬೇಕು." ಮತ್ತೆ ನಿಲ್ಲಿಸಿದಲ್ಲಿಂದ ಪದ ಮುಂದುವರಿಸಿದರು.

ಮಂಗಳೂರಿಗೆ ಹೋದರೆ ಬಲ್ಮಠದ ಗುಡ್ಡೆ ಹತ್ತಿ ಬನ್ನಿ, ಮಿಶನ್ನಿನ ಪ್ರೆಸ್ಸು ಇದ್ದದ್ದು ಅಲ್ಲೇ. ನಿಮ್ಮ ಅಟ್ಟದಲ್ಲಿ ಹಳೇ ಕಲ್ಲಚ್ಚಿನ ಪುಸ್ತಕವೇನಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಮ್ಮೆ ತೆಗೆದು ನೋಡಿ. ಅದರಲ್ಲಿ ಕಾಣುವುದು ಮೊಳೆಯ ಅಕ್ಷರವಲ್ಲ, ಯಾರೋ ಒಬ್ಬರ ಕೈಬರಹ.